ಕಾದಂಬರಿಕಾರರ ಶೈಲಿ ಸಣ್ಣ ಪದಗಳಲ್ಲಿ ಸಿಗತ್ತೆ: ಎಣಿಸೋದು ಹೇಗೆ, ಎಣಿಸಿದ್ಮೇಲೆ ಓದೋದು ಹೇಗೆ

ಒಬ್ಬ ಕಾದಂಬರಿಕಾರರನ್ನ ತುಂಬಾ ವರ್ಷದಿಂದ ಓದ್ತಾ ಬಂದಿದ್ರೆ ಹೆಸರು ಮುಚ್ಚಿ ಒಂದು ಪುಟ ಕೊಟ್ರೂ ಇದು ಅವರದ್ದೇ ಅಂತ ಹೇಳ್ಬಿಡ್ತೀವಿ, ಆದ್ರೆ ಹೇಗೆ ಗೊತ್ತಾಯ್ತು ಅಂತ ಯಾರಾದ್ರೂ ಕೇಳಿದ್ರೆ "ಭಾಷೆನೇ ಹಾಗಿದೆ", "ಒಂಥರಾ ಲಯ ಇದೆ" ಅನ್ನೋದು ಬಿಟ್ಟು ಬೇರೆ ಉತ್ತರ ಬರಲ್ಲ. ಆ "ಒಂಥರಾ" ಅಂದ್ರೆ ಏನು ಅಂತ ಹುಡುಕೋಕೆ ಇರೋ ದಾರಿಗಳಲ್ಲಿ ಪದಗಳನ್ನ ಎಣಿಸೋದೂ ಒಂದು. ನಾನು ಇದನ್ನ ಶುರು ಮಾಡಿದ್ದು ನನಗೆ ತುಂಬಾ ಇಷ್ಟದ ಒಬ್ಬ ಲೇಖಕರ ಮೇಲೆ, ಆಮೇಲೆ ಬಿಡೋಕಾಗಲಿಲ್ಲ, ಯಾಕಂದ್ರೆ ಹತ್ತು ಸಲ ಓದಿದ ಪುಸ್ತಕದಲ್ಲಿ ನಾನು ಒಂದು ಸಲಾನೂ ಗಮನಿಸದೇ ಇದ್ದದ್ದೆಲ್ಲ ಲಿಸ್ಟ್‌ನಲ್ಲಿ ಬಂದು ನಿಂತಿತ್ತು.

ಎಣಿಸೋದು ಅಂದ ತಕ್ಷಣ ಅಪರೂಪದ ಚಂದದ ಪದಗಳನ್ನ ಹೆಕ್ಕೋದು ಅಂತ ಅಂದ್ಕೊಳ್ತಾರೆ. ಅದಲ್ಲ. ಅಪರೂಪದ ಪದ ಎದ್ದು ಕಾಣತ್ತೆ, ಹಾಗಾಗಿ ಅದನ್ನ ಯಾರು ಬೇಕಾದ್ರೂ ಅನುಕರಣೆ ಮಾಡಬಹುದು, ಲೇಖಕರೂ ಅದನ್ನ ಗೊತ್ತಿದ್ದೇ ಹಾಕಿರ್ತಾರೆ. ಗೊತ್ತಿಲ್ಲದೇ ಕೈಯಿಂದ ಇಳಿಯೋದು ಮತ್ತು, ಆದರೆ, ಎಂದು, ಅಂತ, ಎಂಬ, ಕೂಡ, ಸಹ, ಆಗ, ತನ್ನ, ಏನೋ, ಅಷ್ಟೇ ಈ ಥರದ ಪದಗಳು. ಕಥೆ ಯಾವುದೇ ಆಗಿರ್ಲಿ ಇವು ಬಂದೇ ಬರ್ತವೆ, ಓದೋರ ಕಣ್ಣು ಇವುಗಳ ಮೇಲೆ ನಿಲ್ಲೋದೇ ಇಲ್ಲ.

ಇದು ಎಷ್ಟು ಕೆಲಸ ಮಾಡತ್ತೆ ಅನ್ನೋದಕ್ಕೆ ಹಳೇ ಪ್ರಸಿದ್ಧ ಉದಾಹರಣೆ ಅಮೆರಿಕದ ಹೊಸ ಸಂವಿಧಾನದ ಪರವಾಗಿ ಬರೆದ ಫೆಡರಲಿಸ್ಟ್ ಪ್ರಬಂಧಗಳದ್ದು. 1787-88ರಲ್ಲಿ ಒಂದೇ ಗುಪ್ತನಾಮದಲ್ಲಿ ಮೂರು ಜನ ಬರೆದ 85 ಪ್ರಬಂಧ, ಅದರಲ್ಲಿ 12ನ್ನ ಆ ಮೂವರಲ್ಲಿ ಹ್ಯಾಮಿಲ್ಟನ್ ಬರೆದಿದ್ದಾ ಮ್ಯಾಡಿಸನ್ ಬರೆದಿದ್ದಾ ಅಂತ ಜಗಳ. 1964ರಲ್ಲಿ ಮಾಸ್ಟೆಲರ್ ಮತ್ತು ವಾಲೆಸ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಪುಸ್ತಕವಾಗಿ ತಂದ ಅಧ್ಯಯನದಲ್ಲಿ ಅವರು ನೋಡಿದ್ದು ರಾಜಕೀಯ ವಿಚಾರಗಳನ್ನಲ್ಲ, ಸಣ್ಣ ಪದಗಳನ್ನ. ಹ್ಯಾಮಿಲ್ಟನ್ "ಅಪಾನ್" ಅನ್ನೋ ಪದಾನ ಸಾವಿರ ಪದಕ್ಕೆ ಸುಮಾರು 3 ಸಲ ಬಳಸ್ತಿದ್ರು, ಮ್ಯಾಡಿಸನ್ ಅದನ್ನ ಮುಟ್ತಾ ಇದ್ದದ್ದೇ ಅಪರೂಪ. ಒಬ್ಬರು "ವೈಲ್" ಅಂದ್ರೆ ಇನ್ನೊಬ್ಬರು "ವೈಲ್ಸ್ಟ್". ಇಂಥವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ ಆ 12 ಕೂಡ ಮ್ಯಾಡಿಸನ್ ಕಡೆಗೇ ವಾಲಿತು.

ಈಗ ಕೆಲಸಕ್ಕೆ ಬರೋಣ. ಮೊದಲು ಬೇಕಾಗಿರೋದು ಕಾದಂಬರಿಯ ಪೂರ್ತಿ ಪಠ್ಯ, ಸಾದಾ ಟೆಕ್ಸ್ಟ್ ಫೈಲ್ ಆಗಿ, ಒಂದು ಕಾದಂಬರಿಗೆ ಒಂದು ಫೈಲ್. ಕಾಪಿರೈಟ್ ಇರೋ ಪುಸ್ತಕ ಆದ್ರೆ ಆ ಫೈಲ್ ನಿಮ್ಮ ಅಧ್ಯಯನಕ್ಕೆ ಮಾತ್ರ, ಹಂಚೋಕೆ ಹೋಗ್ಬೇಡಿ. ಮುನ್ನುಡಿ, ಬೆನ್ನುಡಿ, ಅರ್ಪಣೆ, ಪ್ರತಿ ಪುಟದ ಮೇಲೆ ಬರೋ ಪುಸ್ತಕದ ಹೆಸರು, ಪುಟಸಂಖ್ಯೆ ಎಲ್ಲ ಕಿತ್ತು ಹಾಕಿ. ಮುನ್ನುಡಿ ಬೇರೆಯವರು ಬರೆದಿರ್ತಾರೆ, ಅವರ ಪದಗಳು ನಮ್ಮ ಲೇಖಕರ ಲೆಕ್ಕಕ್ಕೆ ಸೇರಿಬಿಟ್ರೆ ಕಷ್ಟ.

ಪಠ್ಯ ಶುಚಿ ಮಾಡೋ ಕೆಲಸಕ್ಕೆ ಎಣಿಕೆಗಿಂತ ಹತ್ತು ಪಟ್ಟು ಸಮಯ ಹೋಗತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ತಪ್ಪುಗಳು ತುಂಬಾ. ನಾನು ಒಂದು ವಾರ ಒಂದು ಕಾದಂಬರಿ ಇಟ್ಕೊಂಡು ಈ ಲೇಖಕರು "ಅಂತ" ಬಳಸೋದು ಎಷ್ಟು ಕಮ್ಮಿ ಅಂತ ಆಶ್ಚರ್ಯಪಟ್ಟು ಟಿಪ್ಪಣಿ ಬರ್ಕೊಂಡಿದ್ದೆ, ಆಮೇಲೆ ಲಿಸ್ಟ್ ಕೆಳಗೆ ಇಳಿಸ್ತಾ ಹೋದಾಗ "ಅ೦ತ" ಅಂತ ಇನ್ನೊಂದು ಸಾಲು ಬೇರೆನೇ ಕೂತಿತ್ತು. ಎರಡೂ ಒಂದೇ ಥರ ಕಾಣತ್ತೆ ಅಲ್ವಾ? ಎರಡನೇದರಲ್ಲಿ ಇರೋದು ಅನುಸ್ವಾರ ಅಲ್ಲ, ಕನ್ನಡ ಅಂಕಿ ಸೊನ್ನೆ. ಟೈಪ್ ಮಾಡೋರೂ ಹಾಕ್ತಾರೆ, ಸ್ಕ್ಯಾನ್ ಮಾಡಿ ಒಸಿಆರ್ (ಚಿತ್ರದಲ್ಲಿರೋ ಅಕ್ಷರಗಳನ್ನ ಟೆಕ್ಸ್ಟ್ ಮಾಡೋ ಸಾಫ್ಟ್‌ವೇರ್) ಹಾಕಿದ್ರೂ ಬರತ್ತೆ. ಆ ವಾರದ ಟಿಪ್ಪಣಿ ಪೂರ್ತಿ ತಪ್ಪಾಗಿತ್ತು. ಹಾಗಾಗಿ ಮೊದಲ ಕೆಲಸ: ಅಕ್ಷರಗಳ ಪಕ್ಕ ಬಂದಿರೋ ಸೊನ್ನೆಗಳನ್ನೆಲ್ಲ ಅನುಸ್ವಾರಕ್ಕೆ ಬದಲಾಯಿಸಿ, ಬರೀ ಅಂಕಿಗಳ ಮಧ್ಯೆ ಇರೋದನ್ನ ಹಾಗೇ ಬಿಡಿ.

ಎರಡನೇದು, ಅಕ್ಷರಗಳಿಗೆ ಕಂಪ್ಯೂಟರ್ ಬಳಸೋ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ "ಕೊ" ಅನ್ನೋದರ ಒತ್ವವನ್ನ ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ಊತ್ವದ ಕೊಂಬು ಸೇರಿಸಿ ಎರಡು ಚಿಹ್ನೆಯಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ ಪದ. ಇದಕ್ಕೆ ಎನ್‌ಎಫ್‌ಸಿ ನಾರ್ಮಲೈಸೇಷನ್ ಅಂತ ಇದೆ, ಎರಡನ್ನೂ ಒಂದೇ ರೂಪಕ್ಕೆ ತರತ್ತೆ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ, ಮಾಡ್ಬಿಡಿ. ಮೂರನೇದು, ಅರ್ಧಾಕ್ಷರ ಬಿಡಿಸಿ ತೋರಿಸೋಕೆ ಮಧ್ಯ ಹಾಕೋ ಕಾಣದ ಜಾಯಿನರ್, ನಾನ್‌ಜಾಯಿನರ್ ಚಿಹ್ನೆಗಳು. ಕೆಲವು ಸಾಫ್ಟ್‌ವೇರ್‌ಗಳು ಪದದ ಕೊನೆಯಲ್ಲೂ ಇದನ್ನ ತುರುಕಿರ್ತವೆ. ಎಣಿಸೋ ಮುಂಚೆ ಪೂರ್ತಿ ತೆಗೆದುಬಿಡಿ, ಪದ ನೋಡೋಕೆ ಸ್ವಲ್ಪ ವಿಕಾರವಾದ್ರೂ ಲೆಕ್ಕ ಸರಿ ಬರತ್ತೆ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪಾದ ಫೈಲ್ ಇದ್ರೆ ಮೊದಲು ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಬೇಕು, ಮಾಡಿದ್ಮೇಲೆ ಒತ್ತಕ್ಷರ ಎಲ್ಲಾದ್ರೂ ಕೆಟ್ಟಿದೆಯಾ ಅಂತ ನಾಲ್ಕೈದು ಪುಟ ಕೂತು ಓದಿ.

ಇನ್ನೊಂದು ದೊಡ್ಡ ಬಲೆ. ಪೈಥಾನ್ ಕಲಿಸೋ ಪಾಠಗಳಲ್ಲೆಲ್ಲ ಪದ ಒಡೆಯೋಕೆ ಒಂದು ಸಾಮಾನ್ಯ ಪ್ಯಾಟರ್ನ್ ಹೇಳಿಕೊಡ್ತಾರೆ, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ (\w+) ಅಂತ. ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ಹಾಕಿದ್ರೆ ಅದು ಕಾಗುಣಿತದ ಚಿಹ್ನೆಗಳನ್ನ, ಅರ್ಧಾಕ್ಷರದ ಚಿಹ್ನೆಯನ್ನ ಅಕ್ಷರ ಅಂತ ಲೆಕ್ಕಕ್ಕೇ ತಗೊಳಲ್ಲ, ಅಲ್ಲೇ ಪದ ಮುರಿದುಬಿಡತ್ತೆ. "ಕನ್ನಡ" ಅನ್ನೋ ಪದ ಕೊಟ್ಟು ನೋಡಿ, "ಕನ" ಮತ್ತು "ನಡ" ಅಂತ ಎರಡು ತುಂಡು ವಾಪಸ್ ಬರತ್ತೆ. ಅದರ ಬದಲು ಕನ್ನಡದ ಯೂನಿಕೋಡ್ ಬ್ಲಾಕ್‌ನ ಮೊದಲ ಚಿಹ್ನೆಯಿಂದ ಕೊನೇ ಚಿಹ್ನೆವರೆಗಿನ ರೇಂಜ್ ಕೊಟ್ಟು ಹುಡುಕಿ. ಆದ್ರೆ ಆ ಕಾಣದ ಜಾಯಿನರ್‌ಗಳು ಈ ಬ್ಲಾಕ್‌ನ ಹೊರಗಿವೆ, ಅವನ್ನ ಮುಂಚೆನೇ ತೆಗೀರಿ ಅಂದಿದ್ದು ಇದಕ್ಕೂ ಸೇರಿ. ಪ್ರೋಗ್ರಾಮಿಂಗ್ ಬರದೇ ಇರೋರು ಆಂಟ್‌ಕಾಂಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಯಾವುದನ್ನ ಪದ ಅಂತ ಎಣಿಸಬೇಕು ಅಂತ ಹೇಳೋ ಅದರ ಟೋಕನ್ ಡೆಫಿನಿಷನ್ ಸೆಟ್ಟಿಂಗ್‌ನಲ್ಲಿ ಲೆಟರ್ ಜೊತೆಗೆ ಮಾರ್ಕ್ ಅನ್ನೋದನ್ನೂ ಆಯ್ಕೆ ಮಾಡಿ. ಇಲ್ಲಾಂದ್ರೆ ಅಲ್ಲೂ ಇದೇ ಕಥೆ.

ಲಿಸ್ಟ್ ಬಂತು ಅಂದ್ಕೊಳ್ಳಿ. ಮೇಲಿನ ಐವತ್ತು ಪದ ಬರೀ ಸಣ್ಣ ಪದಗಳೇ ಇರ್ತವೆ, ಮಧ್ಯೆ ಮಧ್ಯೆ ಪಾತ್ರಗಳ ಹೆಸರು. ಕೆಳಗೆ ಹೋದ್ರೆ ಒಂದೇ ಸಲ ಬಂದಿರೋ ಪದಗಳ ಉದ್ದನೆ ಬಾಲ, ಯಾವ ಕಾದಂಬರಿಯಲ್ಲಾದ್ರೂ ಬೇರೆ ಬೇರೆ ಪದಗಳ ಪೈಕಿ ಸುಮಾರು ಅರ್ಧ ಈ ಥರದವೇ ಇರ್ತವೆ, ಕನ್ನಡದಲ್ಲಿ ಅದಕ್ಕಿಂತ ಜಾಸ್ತಿನೇ, ಯಾಕಂದ್ರೆ ನಮ್ಮಲ್ಲಿ ಮನೆ, ಮನೆಗೆ, ಮನೆಯಲ್ಲಿ, ಮನೆಯವರಿಂದ, ಮನೆಯಲ್ಲೇ ಎಲ್ಲ ಬೇರೆ ಬೇರೆ ಸಾಲಾಗಿ ನಿಲ್ಲತ್ತೆ. ಇವನ್ನೆಲ್ಲ ಮನೆ ಅನ್ನೋ ಒಂದೇ ಮೂಲರೂಪಕ್ಕೆ ತರಬೇಕಾ ಅಂತ ತುಂಬಾ ಜನ ಕೇಳ್ತಾರೆ. ಕಾದಂಬರಿಯ ವಸ್ತು ಏನು ಅಂತ ನೋಡೋಕಾದ್ರೆ ತನ್ನಿ. ಶೈಲಿ ನೋಡೋಕಾದ್ರೆ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. "ಮನೆಯಲ್ಲಿ" ಅಂತ ಬರೆಯೋರಿಗೂ "ಮನೇಲಿ" ಅಂತ ಬರೆಯೋರಿಗೂ ಇರೋ ವ್ಯತ್ಯಾಸವೇ ಅಲ್ವಾ ನಾವು ಹುಡುಕ್ತಾ ಇರೋದು, ಅದನ್ನೇ ಒರೆಸಿಬಿಟ್ರೆ ಉಳಿಯೋದೇನು.

ಸ್ವಲ್ಪ ಹತ್ತಿರದಿಂದ ನೋಡೋಣ. ಒಂದೇ ಸಂಗತಿಯನ್ನ ನಾನೇ ಎರಡು ಥರ ಬರೆದಿದೀನಿ.

"ಅವನು ಬಾಗಿಲು ತೆರೆದು ನೋಡಿದ. ಹೊರಗೆ ಯಾರೂ ಇರಲಿಲ್ಲ. ಮಳೆ ನಿಂತಿತ್ತು. ಯಾರೋ ಕರೆದರು ಎಂದು ಅವನಿಗೆ ಅನ್ನಿಸಿತ್ತು."

"ಅವನು ಬಾಗಿಲು ತೆರೆದು ನೋಡಿದರೆ ಹೊರಗೆ ಯಾರೂ ಇಲ್ಲ, ಮಳೆಯೂ ನಿಂತುಬಿಟ್ಟಿದೆ, ಯಾರೋ ಕರೆದ ಹಾಗಾಯಿತಲ್ಲ ಅಂತ ಅವನು ಅಲ್ಲೇ ನಿಂತ."

ಮೊದಲನೇದರಲ್ಲಿ 14 ಪದ, 4 ವಾಕ್ಯ. ಎರಡನೇದರಲ್ಲಿ 16 ಪದ, ಒಂದೇ ವಾಕ್ಯ. ಅವನು, ಬಾಗಿಲು, ತೆರೆದು, ಹೊರಗೆ, ಯಾರೂ, ಯಾರೋ ಈ ಆರು ಪದ ಎರಡರಲ್ಲೂ ಹಾಗೇ ಇವೆ, ಅಂದ್ರೆ ವಸ್ತು ಒಂದೇ. ಬೇರೆಯಾಗಿರೋದು ಏನು? "ಎಂದು" ಬದಲು "ಅಂತ". "ಇರಲಿಲ್ಲ" ಬದಲು "ಇಲ್ಲ". "ಮಳೆ" ಬದಲು "ಮಳೆಯೂ", ಆಮೇಲೆ "ಅಲ್ಲೇ". "ನಿಂತಿತ್ತು" ಬದಲು "ನಿಂತುಬಿಟ್ಟಿದೆ". "ಹಾಗಾಯಿತಲ್ಲ" ಅನ್ನೋದರ ಕೊನೇ "ಅಲ್ಲ". ಕನ್ನಡದಲ್ಲಿ ಲೇಖಕರ ದನಿ ಕೂತಿರೋದು ಬಹುಪಾಲು ಈ ಬಾಲಗಳಲ್ಲಿ: ಊ, ಏ, ಓ, ಅಂತೆ, ಅಲ್ಲ, ಮತ್ತೆ ಬಿಡು, ಹೋಗು, ಹಾಕು, ಕೊಳ್ಳು ಅನ್ನೋ ಜೋಡಿ ಕ್ರಿಯಾಪದಗಳಲ್ಲಿ. ಬರೀ ಖಾಲಿ ಜಾಗ ನೋಡಿ ಪದ ಒಡೆದು ಎಣಿಸಿದ್ರೆ "ನಿಂತುಬಿಟ್ಟಿದೆ" ಅನ್ನೋದು ಒಂದು ಸಲ ಬಂದ ಅಪರೂಪದ ಪದವಾಗಿ ಲಿಸ್ಟ್ ಕೊನೇಲಿ ಕಳೆದುಹೋಗತ್ತೆ, ಈ ಲೇಖಕರು ಪುಟಕ್ಕೆ ನಾಲ್ಕು ಸಲ "ಬಿಡು" ಸೇರಿಸ್ತಾರೆ ಅನ್ನೋದು ಗೊತ್ತೇ ಆಗಲ್ಲ.

ಹಾಗಾಗಿ ಪದಪಟ್ಟಿ ಜೊತೆಗೆ ಇನ್ನೆರಡು ಎಣಿಕೆ ಮಾಡಿ. ಒಂದು, ನಿಮಗೆ ಅನುಮಾನ ಇರೋ ಬಾಲಗಳನ್ನ ಪ್ಯಾಟರ್ನ್ ಆಗಿ ಹುಡುಕಿ ಎಣಿಸೋದು. "ಎಂದು" ಬೇಕಾದ್ರೆ ಬಿಡಿಯಾಗಿ ಇರೋದಷ್ಟೇ ಅಲ್ಲ, ಬಂದಿದ್ದಾನೆಂದು, ಸತ್ಯವೆಂದು ಅಂತ ಸಂಧಿಯಾಗಿ ಒಳಗೆ ಸೇರ್ಕೊಂಡಿರೋದೂ ಸಿಗಬೇಕು, "ೆಂದು" ಅಂತ ಮುಗಿಯೋ ಪದಗಳನ್ನೆಲ್ಲ ಬೇರೆ ತೆಗೀರಿ, ಬಿಡಿ ಎಷ್ಟು ಸಂಧಿ ಎಷ್ಟು ಅಂತ ಎರಡು ಅಂಕಿ ಇಟ್ಕೊಳ್ಳಿ. ಪ್ಯಾಟರ್ನ್‌ಗೆ ಬೇಡದ್ದೂ ಸಿಗತ್ತೆ, "ಬಿಟ್ಟ" ಅಂತ ಹುಡುಕಿದ್ರೆ "ಊರು ಬಿಟ್ಟ" ಕೂಡ ಬಂದು ಕೂರತ್ತೆ, ಅದಕ್ಕೆ ಸಿಕ್ಕಿದ್ದರಲ್ಲಿ ಯಾವುದಾದ್ರೂ ಐವತ್ತು ಸಾಲು ಆರಿಸಿ ಕೈಯಲ್ಲಿ ಓದಿ ಎಷ್ಟು ನಿಜ ಅಂತ ಅಂದಾಜು ತಗೊಳ್ಳಿ. ಇನ್ನೊಂದು, ಪದದ ಬದಲು ನಾಲ್ಕೈದು ಚಿಹ್ನೆಗಳ ತುಂಡುಗಳನ್ನ ಎಣಿಸೋದು, ಕ್ಯಾರೆಕ್ಟರ್ ಎನ್‌ಗ್ರಾಮ್ ಅಂತಾರೆ. ವಿಭಕ್ತಿ, ಬಾಲ ಎಲ್ಲ ತಾವಾಗೇ ಮೇಲೆ ಬರ್ತವೆ, ಪದಕ್ಕೆ ಪ್ರತ್ಯಯ ಅಂಟಿಸ್ತಾ ಹೋಗೋ ನಮ್ಮಂಥ ಭಾಷೆಗೆ ಇದು ತುಂಬಾ ಹೊಂದತ್ತೆ. 2013ರಲ್ಲಿ ರಾಬರ್ಟ್ ಗಾಲ್‌ಬ್ರೈತ್ ಅನ್ನೋ ಹೆಸರಲ್ಲಿ ಬಂದ ಪತ್ತೇದಾರಿ ಕಾದಂಬರಿ ಜೆ.ಕೆ. ರೌಲಿಂಗ್ ಬರೆದಿದ್ದು ಅಂತ ಹೊರಬಂದಾಗ ಪ್ಯಾಟ್ರಿಕ್ ಜುವೋಲಾ ಅನ್ನೋ ಕಂಪ್ಯೂಟರ್ ವಿಜ್ಞಾನಿ ಮಾಡಿದ ಪರೀಕ್ಷೆಗಳಲ್ಲಿ ಅತಿ ಸಾಮಾನ್ಯವಾದ 100 ಪದಗಳ ಜೊತೆ ಈ ನಾಲ್ಕಕ್ಷರದ ತುಂಡುಗಳೂ ಇದ್ದವು.

ಎಣಿಕೆಯನ್ನ ಹಾಗೇ ಹೋಲಿಸ್ಬೇಡಿ, ಸಾವಿರ ಪದಕ್ಕೆ ಎಷ್ಟು ಅಂತ ಮಾಡ್ಕೊಳ್ಳಿ. ಲೆಕ್ಕಕ್ಕೆ ಹೇಳೋದಾದ್ರೆ 80,000 ಪದದ ಕಾದಂಬರಿಯಲ್ಲಿ "ಅಂತ" 640 ಸಲ ಬಂದಿದ್ರೆ ಸಾವಿರಕ್ಕೆ 8, 50,000 ಪದದ ಇನ್ನೊಂದರಲ್ಲಿ 150 ಸಲ ಇದ್ರೆ ಸಾವಿರಕ್ಕೆ 3. ಪದಸಂಪತ್ತಿನ ವಿಷಯದಲ್ಲಿ ಮಾತ್ರ ಈ ಭಾಗಾಕಾರ ನಡೆಯಲ್ಲ, ಒಟ್ಟು ಪದಕ್ಕೆ ಬೇರೆ ಬೇರೆ ಪದ ಎಷ್ಟು ಅನ್ನೋ ಅನುಪಾತ ಪುಸ್ತಕ ಉದ್ದ ಆದಷ್ಟೂ ಇಳೀತಾ ಹೋಗತ್ತೆ, ಎಂಥ ಲೇಖಕರಾದ್ರೂ ಇಳಿಯತ್ತೆ. ದಪ್ಪ ಕಾದಂಬರಿಗೂ ಸಣ್ಣ ಕಾದಂಬರಿಗೂ ಅದನ್ನ ಹೋಲಿಸಿ "ಇವರ ಶಬ್ದಭಂಡಾರ ಕಮ್ಮಿ" ಅಂತ ಹೇಳೋದು ಅನ್ಯಾಯ. ಎರಡರಿಂದಲೂ ಸಮ ಉದ್ದದ ತುಂಡು ತಗೊಂಡು ಲೆಕ್ಕ ಹಾಕಿ, ಅಥವಾ 500 ಪದದ ಕಿಟಕಿಯನ್ನ ಒಂದೊಂದೇ ಪದ ಮುಂದೆ ಸರಿಸ್ತಾ ಸರಾಸರಿ ತೆಗೀರಿ.

ಹೋಲಿಸೋಕೆ ಯಾರನ್ನ ತಗೋಬೇಕು ಅನ್ನೋದು ಎಲ್ಲಕ್ಕಿಂತ ಮುಖ್ಯ. ಒಬ್ಬರದ್ದೇ ಪುಸ್ತಕ ಎಣಿಸಿದ್ರೆ ಸಿಗೋದು ಕನ್ನಡದ ಸಾಮಾನ್ಯ ಸ್ವಭಾವವಾ ಅವರದ್ದಾ ಅಂತ ಗೊತ್ತಾಗಲ್ಲ. ಅದೇ ಕಾಲದ ಬೇರೆ ನಾಲ್ಕೈದು ಜನ ಕಾದಂಬರಿಕಾರರು, ಒಬ್ಬೊಬ್ಬರದ್ದು ಕನಿಷ್ಠ ಎರಡು ಮೂರು ಪುಸ್ತಕ, ಆದಷ್ಟೂ ಒಂದೇ ಥರದ ನಿರೂಪಣೆ. ಉತ್ತಮ ಪುರುಷದಲ್ಲಿ ಹೇಳೋ ಕಥೆಯಲ್ಲಿ "ನಾನು" "ನನ್ನ" ಮೇಲೆ ಬರೋದು ಸಹಜ, ಅದು ಆ ಪುಸ್ತಕದ ನಿರ್ಧಾರ, ಲೇಖಕರ ಚಾಳಿ ಅಲ್ಲ. ಸರ್ವನಾಮ ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ಲೆಕ್ಕ ಮಾಡಿ ನೋಡಿ. ಇಡೀ ಪುಸ್ತಕ ಒಂದು ಪ್ರಾದೇಶಿಕ ಆಡುಮಾತಲ್ಲಿದ್ರೆ ಅದನ್ನ ಶಿಷ್ಟ ಕನ್ನಡದ ಪುಸ್ತಕದ ಪಕ್ಕ ಇಟ್ರೆ ಕಾಣೋದು ಬರೀ ಉಪಭಾಷೆ, ಆ ಲೇಖಕರು ಅದರ ಹಿಂದೆನೇ ಉಳ್ಕೊಂಡುಬಿಡ್ತಾರೆ.

ಎರಡು ಪಟ್ಟಿ ಹೋಲಿಸಿ ಯಾವ ಪದ ಅಸಹಜವಾಗಿ ಜಾಸ್ತಿ ಅಂತ ಹೇಳೋಕೆ ಲಾಗ್ ಲೈಕ್ಲಿಹುಡ್ ಅನ್ನೋ ಅಂಕಿ ಬಳಸ್ತಾರೆ, ಆಂಟ್‌ಕಾಂಕ್‌ನ ಕೀವರ್ಡ್ ಟೂಲ್ ಅದನ್ನೇ ಕೊಡತ್ತೆ. ಅಂಕಿ 3.84 ದಾಟಿದ್ರೆ ಆಕಸ್ಮಿಕ ಅಲ್ಲ ಅನ್ನೋದು ರೂಢಿಯ ಗಡಿ, ಆದ್ರೆ ಕಾದಂಬರಿಯಷ್ಟು ದೊಡ್ಡ ಪಠ್ಯದಲ್ಲಿ ನೂರಾರು ಪದ ಈ ಗಡಿ ದಾಟ್ತವೆ, ಅದಕ್ಕೆ ಅದೊಂದನ್ನೇ ನೆಚ್ಚಿಕೊಳ್ಬೇಡಿ, ಎಷ್ಟು ಪಟ್ಟು ಜಾಸ್ತಿ ಅನ್ನೋದನ್ನೂ ಪಕ್ಕದಲ್ಲಿ ಬರ್ಕೊಳ್ಳಿ. ಆಮೇಲೆ ಪುಸ್ತಕವನ್ನ ಹತ್ತು ಸಮ ಭಾಗ ಮಾಡಿ ಆ ಪದ ಎಷ್ಟು ಭಾಗಗಳಲ್ಲಿ ಇದೆ ನೋಡಿ. ಒಂದೇ ಅಧ್ಯಾಯದಲ್ಲಿ ಅರವತ್ತು ಸಲ ಬಂದು ಉಳಿದ ಕಡೆ ಇಲ್ಲದ ಪದ ಆ ಅಧ್ಯಾಯದ್ದು. ಹತ್ತೂ ಭಾಗದಲ್ಲಿ, ಮೂರೂ ಪುಸ್ತಕದಲ್ಲಿ ಹರಡಿಕೊಂಡಿರೋದು ಲೇಖಕರದ್ದು.

ಹಲವು ಪದಗಳನ್ನ ಒಟ್ಟಿಗೆ ತೂಗೋಕೆ ಜಾನ್ ಬರೋಸ್ ಅನ್ನೋ ಸಾಹಿತ್ಯ ವಿದ್ವಾಂಸರು 2002ರಲ್ಲಿ ಕೊಟ್ಟ ಡೆಲ್ಟಾ ಅನ್ನೋ ಅಳತೆ ಇದೆ, ಹೆದರೋ ಥರ ಏನಿಲ್ಲ. ಎಲ್ಲ ಪುಸ್ತಕ ಸೇರಿಸಿ ಅತಿ ಹೆಚ್ಚು ಬಂದ 100 ಅಥವಾ 200 ಪದ ತಗೊಳ್ಳಿ. ಒಂದೊಂದು ಪದಕ್ಕೂ ಎಲ್ಲ ಪುಸ್ತಕಗಳ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ತೆಗೀರಿ. "ಅಂತ"ದ ಸರಾಸರಿ ಸಾವಿರಕ್ಕೆ 5, ಡೀವಿಯೇಷನ್ 2 ಅಂತಿಟ್ಕೊಂಡ್ರೆ 8 ಇರೋ ಪುಸ್ತಕಕ್ಕೆ ಅಂಕ 1.5 (8ರಲ್ಲಿ 5 ಕಳೆದು 2ರಿಂದ ಭಾಗಿಸಿದ್ದು), 3 ಇರೋದಕ್ಕೆ ಮೈನಸ್ 1, ಇಬ್ಬರ ನಡುವೆ ಅಂತರ 2.5. ಹೀಗೆ ನೂರೂ ಪದದ ಅಂತರ ತೆಗೆದು ಸರಾಸರಿ ಮಾಡಿದ್ರೆ ಅದೇ ಡೆಲ್ಟಾ, ಕಮ್ಮಿ ಇದ್ದಷ್ಟೂ ಎರಡು ಪುಸ್ತಕ ಹತ್ತಿರ. ಸ್ಪ್ರೆಡ್‌ಶೀಟ್‌ನಲ್ಲೇ ಆಗತ್ತೆ, ಆರ್ ಭಾಷೆ ಗೊತ್ತಿರೋರಿಗೆ ಸ್ಟೈಲೋ ಅನ್ನೋ ಪ್ಯಾಕೇಜ್ ಚಿತ್ರ ಸಮೇತ ಮಾಡ್ಕೊಡತ್ತೆ. ನಿಮ್ಮ ಲೇಖಕರ ಪುಸ್ತಕಗಳು ಒಂದರ ಪಕ್ಕ ಒಂದು ಬಂದು ಕೂತ್ರೆ ವಿಧಾನ ಸರಿ ಹೋಗ್ತಿದೆ ಅಂತ. ಕೂರದೇ ಇದ್ರೆ ಪಠ್ಯ ಶುಚಿ ಮಾಡಿದ ಹಂತಕ್ಕೆ ವಾಪಸ್ ಹೋಗಿ, ತೊಂದರೆ ಹೆಚ್ಚಾಗಿ ಅಲ್ಲೇ ಇರತ್ತೆ. ಪ್ರಕಾಶಕರು ಬೇರೆ ಆದಾಗಲೂ ಹೀಗಾಗತ್ತೆ, "ಮಾಡಬೇಕು" ಅಂತ ಕೂಡಿಸೋದು "ಮಾಡ ಬೇಕು" ಅಂತ ಬಿಡಿಸೋದು ಕರಡು ತಿದ್ದಿದವರ ಕೈಯೂ ಆಗಿರಬಹುದು, ಆದ್ರಿಂದ ಜಾಗ ಬಿಡೋದರ ಮೇಲೆ ನಿಂತಿರೋ ಯಾವ ತೀರ್ಮಾನಕ್ಕೂ ಎರಡು ಬೇರೆ ಮುದ್ರಣ ನೋಡದೇ ಬರಬೇಡಿ.

ಅಂಕಿ ಸಿಕ್ತು ಅಂತ ಅಲ್ಲಿಗೇ ನಿಲ್ಲಿಸಿದ್ರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಯಾವ ಪದ ಎದ್ದು ಬಂತೋ ಅದನ್ನ ಕನ್ಕಾರ್ಡೆನ್ಸ್‌ನಲ್ಲಿ ತೆಗೀರಿ, ಪದ ಮಧ್ಯದಲ್ಲಿ, ಎಡಕ್ಕೆ ಬಲಕ್ಕೆ ಹತ್ತತ್ತು ಪದ, ಒಂದರ ಕೆಳಗೆ ಒಂದು ಸಾಲು. ನನ್ನ ಲೇಖಕರಲ್ಲಿ ಎದ್ದು ಬಂದಿದ್ದು "ಏನೋ". ಮೊದಲು ಅನಿಸಿದ್ದು ಇದು ಅಸ್ಪಷ್ಟವಾಗಿ ಬರೆಯೋ ಚಾಳಿ ಅಂತ. ಒಂದೊಂದೇ ಸಾಲು ಓದ್ತಾ ಹೋದಾಗ ಕಂಡಿದ್ದು ಬೇರೆ: ಪಾತ್ರಗಳು ತಮಗೆ ಗೊತ್ತಿರೋ ಸತ್ಯಾನ ಬಾಯಿಬಿಟ್ಟು ಹೇಳೋಕೆ ಹಿಂಜರಿಯೋ ಜಾಗದಲ್ಲೆಲ್ಲ ಅದು ಬರ್ತಿತ್ತು, ನಿರೂಪಕ ಅವರ ಪರವಾಗಿ "ಏನೋ" ಅಂದು ಪಕ್ಕಕ್ಕೆ ಸರಿದುಬಿಡ್ತಿದ್ದ. ಆ ಸಾಲುಗಳನ್ನ ಒಟ್ಟಿಗೆ ನೋಡಿದ ದಿನ ಆ ಕಾದಂಬರಿಗಳು ನನಗೆ ಬೇರೆನೇ ಆಗಿ ಕಂಡವು. ಎಣಿಕೆ ಹೇಳಿದ್ದು ಎಲ್ಲಿ ನೋಡಬೇಕು ಅಂತ ಮಾತ್ರ, ಕಂಡಿದ್ದು ಓದಿದಾಗ.

ಇದಾದ್ಮೇಲೆ ಸಾಧ್ಯವಾದ್ರೆ ಸಂಭಾಷಣೆಯನ್ನ ನಿರೂಪಣೆಯಿಂದ ಬೇರ್ಪಡಿಸಿ ಎರಡು ಫೈಲ್ ಮಾಡಿ. ಉದ್ಧರಣ ಚಿಹ್ನೆ ಸರಿಯಾಗಿ ಇದ್ರೆ ಕಂಪ್ಯೂಟರೇ ಮಾಡತ್ತೆ, ಇಲ್ಲಾಂದ್ರೆ ಕೈಯಲ್ಲಿ ಗುರುತು ಹಾಕ್ತಾ ಹೋಗಬೇಕು, ನಿಧಾನದ ಕೆಲಸ. ಇದೇ ಬರೋಸ್ 1987ರಲ್ಲಿ ಜೇನ್ ಆಸ್ಟಿನ್ ಕಾದಂಬರಿಗಳ ಮೇಲೆ ಬರೆದ ಪುಸ್ತಕದಲ್ಲಿ ಅತಿ ಸಾಮಾನ್ಯವಾದ ಮೂವತ್ತೇ ಪದ ಇಟ್ಕೊಂಡು ಒಂದೊಂದು ಪಾತ್ರದ ಮಾತೂ ಇನ್ನೊಂದರಿಂದ ಹೇಗೆ ಬೇರೆ ಅಂತ ತೋರಿಸಿದ್ದರು. ಕನ್ನಡದಲ್ಲಿ ನಿರೂಪಣೆ "ಎಂದು" ಕಡೆ, ಸಂಭಾಷಣೆ "ಅಂತ" ಕಡೆ ಇರೋದು ಸಾಮಾನ್ಯ. ನಿಮ್ಮ ಲೇಖಕರಲ್ಲಿ ನಿರೂಪಣೆಯ ಒಳಗೇ "ಅಂತ" ಎಲ್ಲೆಲ್ಲಿ ನುಸುಳಿದೆ ಅಂತ ಗುರುತು ಹಾಕಿ ನೋಡಿ, ಎಷ್ಟೋ ಸಲ ಅಲ್ಲಿ ನಿರೂಪಕ ಸದ್ದಿಲ್ಲದೇ ಒಂದು ಪಾತ್ರದ ತಲೆಯೊಳಗೆ ಹೋಗಿರ್ತಾನೆ. ಆ ಜಾಗಗಳ ಪುಟಸಂಖ್ಯೆ ಬರ್ಕೊಂಡು ಪುಸ್ತಕ ತೆಗೆದು ಆ ಪುಟಗಳನ್ನ ಹಿಂದಿನ ಪುಟದಿಂದ ಶುರು ಮಾಡಿ ಓದಿ.